ಎಂಟು ಜನ ಸಿಗದ ಆಟ

ರಾತ್ರಿ ಊಟ ಮುಗಿಸಿ ಬೈಕಿನಲ್ಲಿ ಬಂದು, ಬೀಗ ಹಾಕಿದ ಪಾರ್ಕಿನ ಗೇಟಿನ ಮುಂದೆ ನಿಂತು, ಮೊಬೈಲಿನಲ್ಲಿ ಕಣ್ಣು ನೆಟ್ಟು ಸರಿಯಾಗಿ ಐದು ನಿಮಿಷ ಕಾದು, ಆಮೇಲೆ ಪಕ್ಕದ ಬೀದಿಯ ಗಣಪತಿ ಗುಡಿಯತ್ತ ಹೊರಡುವ ಹುಡುಗರನ್ನು ಬೀಟ್ ಪೊಲೀಸರು ಅನುಮಾನದಿಂದ ನೋಡಿದರೆ ಅವರದು ತಪ್ಪು ಎನ್ನಲಾಗದು. ಹತ್ತು ಹನ್ನೆರಡು ವರ್ಷಗಳ ಹಿಂದೆ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಹೀಗೆ ಅಲೆದವರು ಆಡುತ್ತಿದ್ದ ಆಟದ ಹೆಸರು 'ಇಂಗ್ರೆಸ್'. ಆ ಆಟ ನಿಂತಿಲ್ಲ, ಸರ್ವರ್ ಈಗಲೂ ಓಡುತ್ತಿದೆ. ತೆಳುವಾಗಿರುವುದು ಆಡುವವರ ಗುಂಪು.

ಗೂಗಲ್ ಒಳಗೇ ಹುಟ್ಟಿದ ನಯಾಂಟಿಕ್ ಎಂಬ ತಂಡ 2012ರ ನವೆಂಬರ್‌ನಲ್ಲಿ ಇಂಗ್ರೆಸ್ ಅನ್ನು ಹೊರತಂದಿತು. ಅದರ ಅಂಗಳ ಊರೇ. ಗುಡಿ, ಪ್ರತಿಮೆ, ಗೋಡೆಚಿತ್ರ, ಪಾರ್ಕಿನ ಹೆಬ್ಬಾಗಿಲು, ಹಳೆಯ ಕಲ್ಲು ಇವೆಲ್ಲ ಅದರಲ್ಲಿ 'ಪೋರ್ಟಲ್'ಗಳು. ಆಡುವವರು ಹಸಿರು, ನೀಲಿ ಎಂಬ ಎರಡು ಬಣಗಳಾಗಿ ಒಡೆದು ಪೋರ್ಟಲ್‌ಗಳನ್ನು ಹಿಡಿಯಬೇಕು. ಮೂರು ಪೋರ್ಟಲ್‌ಗಳನ್ನು ಗೆರೆಯಿಂದ ಜೋಡಿಸಿದರೆ ಒಂದು ತ್ರಿಕೋನ. ಅದರಡಿ ಎಷ್ಟು ಜನಸಂಖ್ಯೆಯೋ ಅಷ್ಟು ಅಂಕ. ಹಾಗಾಗಿ ಕಾಡಿನ ಮೇಲೆ ಹಾಸಿದ ದೊಡ್ಡ ತ್ರಿಕೋನಕ್ಕಿಂತ ಬಿಟಿಎಂ ಲೇಔಟಿನ ಮೇಲೆ ಹಾಸಿದ ಚಿಕ್ಕದಕ್ಕೇ ತೂಕ ಹೆಚ್ಚು. ಸೋಫಾದ ಮೇಲೆ ಕೂತು ಆಡುವಂತಿರಲಿಲ್ಲ, ಪೋರ್ಟಲ್‌ನಿಂದ ನಲವತ್ತು ಮೀಟರ್ ಒಳಗೆ ಕಾಲು ಇರಲೇಬೇಕಿತ್ತು.

ಈ ಆಟದ ಪ್ರಾಣ ಇದ್ದದ್ದು ಇನ್ನೊಂದು ನಿಯಮದಲ್ಲಿ. ಒಂದು ಪೋರ್ಟಲ್‌ಗೆ ಶಕ್ತಿ ತುಂಬಲು ಆಟಗಾರರು ಕೂರಿಸುವ ಎಂಟು ರೆಸೋನೇಟರ್‌ಗಳು. ಎಂಟನೆಯ ಮಟ್ಟದ ರೆಸೋನೇಟರನ್ನು ಒಬ್ಬ ಆಟಗಾರ ಒಂದೇ ಒಂದು ಹಾಕಬಹುದು. ಅಂದರೆ ಎಂಟನೆಯ ಮಟ್ಟದ ಪೋರ್ಟಲ್ ಎದ್ದು ನಿಲ್ಲಲು ಒಂದೇ ಬಣದ ಎಂಟು ಜನ ಒಂದೇ ಜಾಗಕ್ಕೆ ಬರಬೇಕು. ಎಷ್ಟೇ ಜಾಣನಾದರೂ, ಎಷ್ಟೇ ಪುರುಸೊತ್ತಿದ್ದರೂ ಒಂಟಿಯಾಗಿ ಅದು ಸಾಧ್ಯವಿಲ್ಲ. ಕಟ್ಟಿದ್ದು ತಾನಾಗಿ ಉಳಿಯುವುದೂ ಇಲ್ಲ: ದಿನಕ್ಕೆ ನೂರಕ್ಕೆ ಹದಿನೈದರಷ್ಟು ಶಕ್ತಿ ಸೋರುತ್ತದೆ, ಯಾರೂ ತುಂಬದಿದ್ದರೆ ವಾರದಲ್ಲಿ ಪೋರ್ಟಲ್ ಬರಿದು. ಹೀಗಾಗಿ ಅಪರಿಚಿತರು ಪರಿಚಿತರಾದರು. ಬೆಳಿಗ್ಗೆ ಒಬ್ಬರ ಪೋರ್ಟಲ್ ಒಡೆದವರು ಸಂಜೆ ಅವರೊಡನೆಯೇ ಬೈಟು ಕಾಫಿ ಕುಡಿದರು. ತಿಂಗಳ ಮೊದಲ ಶನಿವಾರ ಎರಡೂ ಬಣಗಳು ಕೂಡುವ 'ಫಸ್ಟ್ ಸ್ಯಾಟರ್ಡೇ' ಎಂಬ ಕೂಟ ಜಗತ್ತಿನ ಅನೇಕ ಊರುಗಳಲ್ಲಿ ನಡೆಯಿತು.

ಹತ್ತು ಜನರಲ್ಲಿ ಮೂವರು ಹೋದರೆ ಉಳಿದವರು ಏಳು, ಆಟದಲ್ಲಿ ಆಗುವ ನಷ್ಟ ಮಾತ್ರ ಮೂವರದಲ್ಲ. ಏಳು ಜನರಿಂದ ಎಂಟನೆಯ ಮಟ್ಟ ಆಗದು. ಆಗದ್ದಕ್ಕೆ ಯಾಕೆ ಬರಬೇಕೆಂದು ಏಳರಲ್ಲಿ ಇಬ್ಬರು ಮನೆಯಲ್ಲೇ ಉಳಿಯುತ್ತಾರೆ. ಎದುರಾಳಿ ಇಲ್ಲದ ಗೆಲುವು ಬೇಸರ ತಂದು ಗೆದ್ದ ಬಣವೂ ಮೊಬೈಲ್ ಕೆಳಗಿಡುತ್ತದೆ. ಆನ್‌ಲೈನ್ ಆಟಗಳು ಎಣ್ಣೆ ತೀರಿದ ದೀಪದಂತೆ ನಿಧಾನವಾಗಿ ಮಂಕಾಗುತ್ತವೆ ಎಂಬ ಮಾತು ಅರ್ಧ ನಿಜ. ಒಂದು ಸಂಖ್ಯೆಯ ಕೆಳಗೆ ಇಳಿದದ್ದೇ ತಡ, ಅವು ಕುಸಿಯುತ್ತವೆ.

ಜನ ಯಾಕೆ ಹೋದರು? ವಯಸ್ಸು ಒಂದು ಕಾರಣ. ಆಗ ಇಪ್ಪತ್ತೈದರಲ್ಲಿದ್ದವರು ಈಗ ಮಕ್ಕಳನ್ನು ಶಾಲೆಗೆ ಬಿಡುವ ಅವಸರದಲ್ಲಿದ್ದಾರೆ. ಬಿಟಿಎಂನಂಥ ಪಿ.ಜಿ.ಗಳ ಬಡಾವಣೆಯಲ್ಲಂತೂ ಕೆಲಸ ಬದಲಾದರೆ ವಿಳಾಸವೂ ಬದಲು. (ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಅಕ್ಷರಕ್ಕೆ ಇಳಿಸಿದ ಬಡಾವಣೆಗೆ ಯಾರನ್ನೂ ನೆನಪಿಟ್ಟುಕೊಳ್ಳುವ ಅಭ್ಯಾಸವಿಲ್ಲ.) ಇನ್ನೊಂದು ಕಾರಣ ಆ ಕಂಪನಿಯ ಕಿರಿಮಗ. ಇಂಗ್ರೆಸ್ ಆಟಗಾರರು ಹೆಸರಿಸಿದ ಜಾಗಗಳ ಪಟ್ಟಿಯ ಮೇಲೆಯೇ ನಯಾಂಟಿಕ್ 2016ರಲ್ಲಿ 'ಪೋಕೆಮಾನ್ ಗೋ' ಕಟ್ಟಿತು. ಡಿಸೆಂಬರ್‌ನಲ್ಲಿ ಅದು ಜಿಯೋ ಜೊತೆಗೂಡಿ ಅಧಿಕೃತವಾಗಿ ಭಾರತಕ್ಕೆ ಬರುವ ಮೊದಲೇ, ಗುಡಿಗಳ ಆವರಣದಲ್ಲಿ ಮೊಟ್ಟೆ ತೋರಿಸುತ್ತದೆಂಬ ದೂರು ಗುಜರಾತ್ ಹೈಕೋರ್ಟಿನ ಮೆಟ್ಟಿಲು ಹತ್ತಿತ್ತು! ಅಣ್ಣನ ಮನೆಯ ಜನರೆಲ್ಲ ತಮ್ಮನ ಮನೆ ಸೇರಿದರು. 2018ರಲ್ಲಿ ಇಂಗ್ರೆಸ್‌ಗೆ 'ಪ್ರೈಮ್' ಎಂಬ ಹೊಸ ವೇಷ ತೊಡಿಸಿದರೂ ಹಳಬರಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ.

ತಮ್ಮನ ಕಥೆಯೂ ಅದೇ ದಾರಿ ಹಿಡಿದದ್ದು ಸೋಜಿಗ. ಪೋಕೆಮಾನ್ ಗೋದಲ್ಲಿ ಹಲವರು ಒಂದೆಡೆ ಸೇರಿ ಮಾಡುವ ದಾಳಿಗೆ 'ರೇಡ್' ಎನ್ನುತ್ತಾರೆ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಮನೆಯಲ್ಲೇ ಕೂತು ರೇಡ್ ಮಾಡುವ ಪಾಸ್ ಬಂತು. ಆಗ ಅದು ಅಗತ್ಯವೇ ಆಗಿತ್ತು, ಆದರೆ ಮನೆಯಲ್ಲಿ ಕೂರುವ ರುಚಿ ಹತ್ತಿತು. ಮೂರು ವರ್ಷದ ನಂತರ ಕಂಪನಿ ಪಾಸಿನ ಬೆಲೆಯನ್ನು ಸುಮಾರು ಇಮ್ಮಡಿಗೊಳಿಸಿ ದಿನಕ್ಕೆ ಐದೇ ಎಂಬ ಮಿತಿ ಹಾಕಿದಾಗ ಆಟಗಾರರು ಸಿಟ್ಟಾದರೇ ಹೊರತು ಬೀದಿಗೆ ಮರಳಲಿಲ್ಲ. ಜನ ಸೇರುವ ಅಭ್ಯಾಸವನ್ನು ಬಿಡಿಸುವುದು ಸುಲಭ, ದರ ಏರಿಸಿ ಅದನ್ನು ಮರಳಿ ಕಲಿಸುತ್ತೇವೆಂದು ಹೊರಟದ್ದು ದಡ್ಡತನ.

ಆದರೆ ಆಟ ಸಾಯುವುದು ಮುಪ್ಪಿನಿಂದಲೇ? ಇದೇ ಬೀದಿಗಳ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ 'ಕೌಂಟರ್ ಸ್ಟ್ರೈಕ್ 1.6' ಅನ್ನು ನೋಡಿ. ಅದು 2003ರದು, ಇಂಗ್ರೆಸ್‌ಗಿಂತ ಒಂಬತ್ತು ವರ್ಷ ದೊಡ್ಡದು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬಂದು, ಸ್ಮಾರ್ಟ್‌ಫೋನ್ ಬಂದು ಆ ಕೆಫೆಗಳು ಖಾಲಿಯಾದವು. ಆದರೂ ನಾಳೆ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಒಂದು ಲ್ಯಾನ್ ತಂತಿಗೆ ಜೋಡಿಸಿ, ಒಂದನ್ನು ಸರ್ವರ್ ಮಾಡಿದರೆ ಆಟ ಶುರು. ಯಾರ ಅಪ್ಪಣೆಯೂ ಬೇಡ. ಇನ್ನೂ ಹಿಂದೆ ಹೋದರೆ, ಹಳೆಯ ಗುಡಿಗಳ ಜಗಲಿ ಕಲ್ಲಿನ ಮೇಲೆ ಆಡು-ಹುಲಿ ಆಟದ ಗೆರೆಗಳು ಕೊರೆದಿರುವುದನ್ನು ಹಂಪಿಗೆ ಹೋದವರು ನೋಡಿರುತ್ತಾರೆ. ಆಡಿದವರು ಇಲ್ಲ, ಮನೆ ಉಳಿದಿದೆ. ನಿಯಮ ಗೊತ್ತಿದ್ದ ಇಬ್ಬರು ಹರಳು ಹಿಡಿದು ಕೂತರೆ ಮತ್ತೆ ಹುಲಿ ಆಡಿನ ಬೆನ್ನು ಹತ್ತುತ್ತದೆ. ಇಂಗ್ರೆಸ್‌ಗೆ ಈ ಭಾಗ್ಯವಿಲ್ಲ. ಅದರ ಹುಲಿ, ಆಡು, ಜಗಲಿ ಎಲ್ಲವೂ ಕಂಪನಿಯ ಯಂತ್ರದೊಳಗಿವೆ. ಎಂಟು ಸಾವಿರ ಜನ ಆಡಲು ಸಿದ್ಧರಿದ್ದರೂ ಒಬ್ಬ ಅಧಿಕಾರಿ ಸ್ವಿಚ್ ಆರಿಸಿದರೆ ಮುಗಿಯಿತು.

ಇದು ಊಹೆಯ ಭಯವಲ್ಲ. ಇದೇ ನಯಾಂಟಿಕ್ 2019ರಲ್ಲಿ ತಂದ ಹ್ಯಾರಿ ಪಾಟರ್ ಆಟವನ್ನು 2022ರ ಜನವರಿಯಲ್ಲಿ ಮುಚ್ಚಿತು. ಯೂಬಿಸಾಫ್ಟ್ ಕಂಪನಿ 'ದ ಕ್ರೂ' ಎಂಬ ಕಾರ್ ಓಟದ ಆಟದ ಸರ್ವರನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ. ಅದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಮ್ಮಲ್ಲಿ ಅದೇ ವರ್ಷ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಮುಖ್ಯ ಗಮನ ಹಣ ಕಟ್ಟಿ ಆಡುವ ಆಟಗಳ ಮೇಲೆ, ಮುಚ್ಚುವ ಆಟಗಳ ಮೇಲಲ್ಲ.

ಸರ್ವರಿಗೆ ವಿದ್ಯುತ್ ಬಿಲ್ಲು ಬರುತ್ತದೆ, ನಷ್ಟದ ಅಂಗಡಿಯನ್ನು ಯಾರು ತೆರೆದಿಟ್ಟಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಟವನ್ನು ಕೊನೆತನಕ ನಡೆಸಿರೆಂದು ಕೇಳುವುದು ಅತಿಯಾಯಿತು. ಇಂಗ್ರೆಸ್‌ನಲ್ಲಿ ಮಾತ್ರ ಕಂಪನಿಯದಲ್ಲದ ಒಂದು ವಸ್ತುವಿದೆ: ಆ ಜಾಗಗಳ ಪಟ್ಟಿ. ಬೀದಿ ಬೀದಿ ಸುತ್ತಿ, ಅರಳಿಕಟ್ಟೆಯ ನಾಗರಕಲ್ಲಿನ ಫೋಟೋ ತೆಗೆದು, ಹೆಸರು ಕೊಟ್ಟು, ಎರಡು ಸಾಲು ವಿವರ ಬರೆದು ಕಳಿಸಿದವರು ಆಟಗಾರರು. ಬೇರೆಯವರು ಕಳಿಸಿದ್ದನ್ನು ಪರಿಶೀಲಿಸಿದವರೂ ಮುಂದೆ ಅವರೇ, ಸಂಬಳವಿಲ್ಲದೆ. ಗೂಗಲ್ ನಕ್ಷೆಗೆ ದರ್ಶಿನಿ ಗೊತ್ತು, ಎಟಿಎಂ ಗೊತ್ತು. ಅರಳಿಕಟ್ಟೆಯ ಕಲ್ಲಿಗೆ ಕಣ್ಣು ಹಾಕಿದ್ದು ಈ ಆಟ. ಮೆಟ್ರೋಗಾಗಿ ಜಯದೇವ ಮೇಲ್ಸೇತುವೆಯನ್ನೇ 2020ರಲ್ಲಿ ಕೆಡವಿದ ಊರಿನಲ್ಲಿ ಇಂಥ ಪಟ್ಟಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಬೆಲೆ ಕಂಪನಿಗಂತೂ ಗೊತ್ತಿದೆ. 2024ರ ನವೆಂಬರ್‌ನಲ್ಲಿ ಅದು, ಆಟಗಾರರು ಸ್ಕ್ಯಾನ್ ಮಾಡಿ ಕೊಟ್ಟ ಜಾಗಗಳ ನೆರವಿನಿಂದ ಜಗತ್ತಿನ ಮೂರು ಆಯಾಮದ ಕೃತಕ ಬುದ್ಧಿಮತ್ತೆಯ ಮಾದರಿ ಕಟ್ಟುತ್ತಿರುವುದಾಗಿ ಹೇಳಿತು. 2025ರಲ್ಲಿ ಪೋಕೆಮಾನ್ ಗೋ ಸೇರಿ ತನ್ನ ಆಟಗಳ ವ್ಯಾಪಾರವನ್ನು 350 ಕೋಟಿ ಡಾಲರಿಗೆ ಸ್ಕೋಪ್ಲಿ ಕಂಪನಿಗೆ ಮಾರಿತು. ನಕ್ಷೆಯ ತಂತ್ರಜ್ಞಾನವೂ ಇಂಗ್ರೆಸ್ಸೂ 'ನಯಾಂಟಿಕ್ ಸ್ಪೇಷಿಯಲ್' ಎಂಬ ಹೊಸ ಕಂಪನಿಯಲ್ಲಿ ಉಳಿದವು. ಷರತ್ತುಗಳಿಗೆ 'ಒಪ್ಪಿದೆ' ಎಂದು ಒತ್ತಿದವರು ನೀವೇ ಅಲ್ಲವೇ ಎಂದು ಕೇಳಬಹುದು. ಒತ್ತಿದ್ದು ನಿಜ. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಬಹುದು, ಊರಿನ ಲೆಕ್ಕ ಮುಗಿಯುವುದಿಲ್ಲ.

ಇದೇ ಊರಿನ ಇನ್ನೊಂದು ಪಟ್ಟಿಯ ಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬಿ.ಎಲ್. ರೈಸ್ ತಮ್ಮ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಸಂಪುಟವನ್ನು 1905ರಲ್ಲಿ ಅಚ್ಚು ಹಾಕಿಸಿದ್ದರಿಂದಲೇ, ನೂರು ವರ್ಷ ಕಳೆದ ಮೇಲೂ ಕುತೂಹಲಿಗಳು ಅದನ್ನು ಕೈಯಲ್ಲಿ ಹಿಡಿದು ಶಾಸನದ ಕಲ್ಲುಗಳನ್ನು ಹುಡುಕಿ ಹೊರಡಲು ಸಾಧ್ಯವಾಯಿತು. ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಈಗ ಅವೇ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುತ್ತಿದೆ. ಅಲೆದಾಟ ಎರಡು ಕಡೆಯೂ ಒಂದೇ. ಒಂದರ ಫಲ ಊರಿನ ಕೈಗೆ ಬಂತು, ಇನ್ನೊಂದರದು ಕಂಪನಿಯ ಕಪಾಟು ಸೇರಿತು. ಮುಚ್ಚುವ ದಿನ ಬಂದಾಗ ಆಯಾ ಊರಿನ ಜಾಗಗಳ ಪಟ್ಟಿಯನ್ನಾದರೂ ಸಾರ್ವಜನಿಕಕ್ಕೆ ಬಿಟ್ಟುಕೊಡಬೇಕೆಂಬ ಒಂದು ಸಾಲಿನ ನಿಯಮವನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ನಿಯಮ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬನಶಂಕರಿಯ ಯಾವುದೋ ಕ್ರಾಸಿನಲ್ಲಿ 2014ರಲ್ಲಿ ತೆಗೆದ ಕಲ್ಲಿನ ಫೋಟೋ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿದ್ದರೆ ಅದು ಇನ್ನೂ ತೆಗೆದವರದೇ. ಆ ಆಟ ಆಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಭಾನುವಾರ ಆ ಫೋಟೋ ಹುಡುಕಿ, ಬೀದಿಯ ಹೆಸರು ಬರೆದು, ವಿಕಿಮೀಡಿಯ ಕಾಮನ್ಸ್ ಎಂಬ ಸಾರ್ವಜನಿಕ ಚಿತ್ರಭಂಡಾರಕ್ಕೆ ಏರಿಸಿ. ಕಲ್ಲು ಅಲ್ಲೇ ಇದೆಯೇ ಎಂದು ಒಮ್ಮೆ ಹೋಗಿ ನೋಡಿಯೂ ಬನ್ನಿ.