ಮೊದಲು ಶುಲ್ಕದ ಫಲಕ ಹಾಕಲಿ

ನಾಸಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ಸ್ವಂತ ಕ್ಲಿನಿಕ್ ಉಳಿಯಬೇಕಾದರೆ ವೈದ್ಯರು ಜಾಹೀರಾತಿಗೆ ಇಳಿಯಲೇಬೇಕು ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ನಾನು ಒಪ್ಪುವುದಿಲ್ಲ. ರೋಗಿಗಳನ್ನು ಸೆಳೆಯುವ ಜಾಹೀರಾತನ್ನು 2002ರ ವೈದ್ಯಕೀಯ ನೀತಿ ನಿಯಮಾವಳಿ ನಿಷೇಧಿಸಿದೆ. ದವಾಖಾನೆ ತೆರೆದಾಗ, ವಿಳಾಸ ಬದಲಾದಾಗ, ರಜೆ ಮುಗಿಸಿ ಬಂದಾಗ ಪತ್ರಿಕೆಯಲ್ಲಿ ತಿಳಿಸಬಹುದು. ಶುಲ್ಕವನ್ನೂ ಪ್ರಕಟಿಸಬಹುದು. ಎಷ್ಟು ಜನ ಪ್ರಕಟಿಸುತ್ತಾರೆ?

ರೋಗಿಯನ್ನು ಕಳಿಸಿದವರಿಗೆ ಕಮಿಷನ್ ಕೊಡುವುದೂ ಅದೇ ನಿಯಮಾವಳಿಯಲ್ಲಿ ತಪ್ಪು. ಲೇಖಕರು ಆ ಮಾತನ್ನೇ ಎತ್ತಿಲ್ಲ. ಆ ಹಣ ಬರುವುದು ಲಾಸಲ್‌ಗಾಂವ್ ಮಂಡಿಯಲ್ಲಿ ಈರುಳ್ಳಿ ಮಾರಿ, ಬೇಡದ ಸ್ಕ್ಯಾನಿಂಗ್ ಮಾಡಿಸಿಕೊಳ್ಳುವ ರೈತನ ಜೇಬಿನಿಂದ.

ಸಂಭಾಜಿನಗರದಲ್ಲಿ ಕೆಲವು ಯುವ ವೈದ್ಯರು 1989ರಲ್ಲಿ ಕಟ್ಟಿದ ಹೆಡಗೇವಾರ್ ಆಸ್ಪತ್ರೆಯನ್ನು ನೋಡಲಿ. ಅವರು ಕೊಳೆಗೇರಿಗಳಿಗೇ ಹೋಗಿ ಕೆಲಸ ಮಾಡಿದರು. ಜನ ಅವರನ್ನು ಗುರುತಿಸಿದ್ದು ಅಲ್ಲಿ.

ಫ್ಲೆಕ್ಸ್‌ಗೆ ತೆರುವ ದುಡ್ಡಿನಲ್ಲಿ ಒಬ್ಬ ಒಳ್ಳೆಯ ನರ್ಸ್‌ಗೆ ಸಂಬಳ ಹೆಚ್ಚಿಸಿ. ಬಾಗಿಲಲ್ಲಿ ಶುಲ್ಕದ ಫಲಕ ಹಾಕಿ, ಮರಾಠಿಯಲ್ಲಿ, ದೊಡ್ಡಕ್ಷರದಲ್ಲಿ.