ಒಂದು ಕಡೆ ನಿಲ್ಲದವಳು

“ಅವಳಾ? ಒಂದು ಕಡೆ ನಿಲ್ಲುವವಳಲ್ಲ ಬಿಡಿ.” ನಾಲ್ಕಾರು ಕೆಲಸ ಬದಲಾಯಿಸಿದ ಹೆಂಗಸಿನ ಬಗ್ಗೆ ನಮ್ಮ ಊರುಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಹೇಳುವವರು ಗಂಡಸರಷ್ಟೇ ಅಲ್ಲ. ಅರಿಶಿನ ಕುಂಕುಮಕ್ಕೆ ಹೋದ ನಾವೇ ಕೈಯಲ್ಲಿನ ಕೋಸಂಬರಿ ಮುಗಿಯುವ ಮೊದಲು ತೀರ್ಪು ಕೊಟ್ಟಿರುತ್ತೇವೆ. ಈ ಮಾತು ಸುಳ್ಳು. ಸುಳ್ಳಷ್ಟೇ ಅಲ್ಲ, ಅನ್ಯಾಯ ಎಂಬುದು ನನ್ನ ವಾದ.

ಶಿವರಾಮ ಕಾರಂತರನ್ನು ನೆನೆಯಿರಿ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು ಕಾಲೇಜು ಬಿಟ್ಟು ಗಾಂಧೀಜಿಯ ಚಳವಳಿಗೆ ಹೋದರು. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಚಿತ್ರ ತೆಗೆದರು, ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿದರು, ಮುದ್ರಣಾಲಯ ಇಟ್ಟರು, ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟರು, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ತಾವೇ ಹೆಸರಿಟ್ಟರು. ನಾವು ಅವರನ್ನು ನಡೆದಾಡುವ ವಿಶ್ವಕೋಶ ಎಂದೆವು. ಸರಿಯಾಗಿಯೇ ಎಂದೆವು. ಅದೇ ಕರಾವಳಿಯ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸಿನ ಶಾಸನಸಭೆಗೆ ಸ್ಪರ್ಧಿಸಿದರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು, ಮೂಕಿ ಚಿತ್ರದಲ್ಲಿ ನಟಿಸಿದರು, ದೇಶ ವಿಭಜನೆಯ ನಂತರ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ಊರು ಕಟ್ಟಲು ನಿಂತರು, ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಕಾರಂತರ ಹೆಸರು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಈಕೆಯ ಹೆಸರು ಕೇಳಿದರೆ ಎಷ್ಟು ಕೈ ಮೇಲೇಳುತ್ತವೆ?

“ಅವರೆಲ್ಲ ದೊಡ್ಡವರು, ಅವರ ಮಾತೇ ಬೇರೆ” ಎನ್ನುತ್ತೀರಿ. ಹೌದು, ಬೇರೆಯೇ. ಅವರು ತಾವು ಬಯಸಿದ ಕೆಲಸಕ್ಕೆ ಹೊರಳಿದರು. ನಮ್ಮ ನಿಮ್ಮಂಥ ಹೆಂಗಸರ ಕೆಲಸ ಬದಲಾಗುವುದು ಯಾರ ಬಯಕೆಯಿಂದ?

ನನ್ನ ಜೊತೆ ಪಾಠ ಹೇಳುತ್ತಿದ್ದ ಒಬ್ಬರ ಕತೆ ಕೇಳಿ. ಮದುವೆಗೆ ಮುಂಚೆ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಮದುವೆಯಾಗಿ ಗಂಡನ ಊರಿಗೆ ಬಂದರು. ಆ ಕೆಲಸ ಹೋಯಿತು. ಶಿಶುವಿಹಾರ ಸೇರಿದರು, ಗಂಡನಿಗೆ ವರ್ಗವಾಯಿತು. ಹೊಸ ಊರಿನಲ್ಲಿ ಸಹಕಾರ ಸಂಘದ ಲೆಕ್ಕ ಬರೆದರು. ಎರಡನೆಯ ಬಾಣಂತನ ಬಂತು. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟರು. ಅತ್ತೆಗೆ ಪಾರ್ಶ್ವವಾಯು ಬಡಿದಾಗ ಅದಕ್ಕೂ ಬಟ್ಟೆ ಮುಚ್ಚಿದರು. ವಿಮೆ ಏಜೆನ್ಸಿ ಮಾಡಿಕೊಂಡೇ ಬಿ.ಎಡ್. ಮುಗಿಸಿ, ನಲವತ್ತರ ಹತ್ತಿರ ಶಾಲೆಗೆ ಬಂದರು. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದಂತೆ. ಆ ಬೆಕ್ಕನ್ನು ಯಾರೂ ಚಂಚಲೆ ಎನ್ನುವುದಿಲ್ಲ.

ಒಂದು ಶಾಲೆಯ ಸಂದರ್ಶನದಲ್ಲಿ ಹಿರಿಯರೊಬ್ಬರು ಇವರ ಅರ್ಜಿ ತಿರುವಿ ಹಾಕಿ, “ಏನಮ್ಮಾ, ಎಲ್ಲೂ ನೆಟ್ಟಗೆ ನಿಂತೇ ಇಲ್ಲವಲ್ಲ?” ಎಂದರಂತೆ. ಅಷ್ಟೂ ಕಡೆ ಏನು ಕಲಿತಿರಿ ಎಂದು ಯಾರೂ ಕೇಳಲಿಲ್ಲ. ಅವರು ಬಡ್ಡಿ ಲೆಕ್ಕವನ್ನು ಸಂಘದ ಸಾಲದಿಂದ ಹೇಳಿಕೊಡುತ್ತಿದ್ದರು. ಅಳತೆಯ ಪಾಠಕ್ಕೆ ರವಿಕೆ ಬಟ್ಟೆಯನ್ನೇ ತಂದು ಹರವುತ್ತಿದ್ದರು. ಗಣಿತವೆಂದರೆ ಹೊಟ್ಟೆನೋವು ಎನ್ನುತ್ತಿದ್ದ ಹುಡುಗಿಯರು ಅವರ ಪಾಠಕ್ಕೆ ತಪ್ಪದೆ ಕೂರುತ್ತಿದ್ದರು. ಇದು ಅನುಭವವಲ್ಲದೆ ಮತ್ತೇನು?

ಮಾತು ಬರೀ ಮಾತಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಅದು ದುಡ್ಡಿಗೂ ಬರುತ್ತದೆ. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷ ಸತತ ಸೇವೆ ಬೇಕೆಂದಿತು. ಆದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಶಿಕ್ಷಕರನ್ನು ಅದರೊಳಗೆ ತರಲು 2009ರ ತಿದ್ದುಪಡಿಯೇ ಬೇಕಾಯಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿ, 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತವು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ, ಇಂತಿಷ್ಟು ಅವಧಿಗೆಂದು ನೇಮಕವಾದವರಿಗೆ ಒಂದು ವರ್ಷ ಸಾಕು ಎಂದಿದೆ. ಉಳಿದವರಿಗೆ ಆ ಐದು ವರ್ಷವೇ. ಗಂಡನ ವರ್ಗದ ಹಿಂದೆ ಹೋಗಿ ಐದು ಊರುಗಳಲ್ಲಿ ನಾಲ್ಕು ನಾಲ್ಕು ವರ್ಷ ದುಡಿದ ಕಾಯಂ ನೌಕರಳ ಲೆಕ್ಕ ಹಾಕಿ: ದುಡಿದದ್ದು 20 ವರ್ಷ, ಗ್ರಾಚ್ಯುಟಿ ಸೊನ್ನೆ.

ಮಕ್ಕಳಿಗೆ ಒಬ್ಬರೇ ಟೀಚರು ಬೇಕು, ಪದೇ ಪದೇ ಬದಲಾದರೆ ಪಾಠ ಕೆಡುತ್ತದೆ ಎನ್ನುವ ಆಡಳಿತ ಮಂಡಳಿಗಳುಂಟು. ಮಾತು ನಿಜ. ಆದರೆ ಜೂನ್‌ನಲ್ಲಿ ಸೇರಿಸಿಕೊಂಡು, ರಜೆಯ ಸಂಬಳ ಉಳಿಸಲು ಮಾರ್ಚ್‌ನಲ್ಲಿ ಮನೆಗೆ ಕಳಿಸುವವರು ಯಾರು? ನಿಲ್ಲದವಳು ಅವಳೋ, ಅವಳನ್ನು ನಿಲ್ಲಗೊಡದವರೋ?

ಕಾನೂನು ಬದಲಾಗುವವರೆಗೆ ನಾವು ಮಾಡಬೇಕಾದದ್ದೂ ಇದೆ. ಯಾವ ಕೆಲಸ ಬಿಟ್ಟರೂ ಸೇವಾ ಪ್ರಮಾಣಪತ್ರವನ್ನು ಕೇಳಿ ತೆಗೆದುಕೊಳ್ಳಬೇಕು. ಭವಿಷ್ಯನಿಧಿಯ ಹಣವನ್ನು ಪ್ರತಿ ಸಲ ತೆಗೆದು ಫ್ರಿಜ್ಜಿಗೋ ಸೀರೆಗೋ ಹಾಕದೆ ಹೊಸ ಕಡೆಗೆ ವರ್ಗಾಯಿಸಿಕೊಳ್ಳಬೇಕು. ಆ ನಿಧಿಯ ಪಿಂಚಣಿಗೆ ಬೇಕಾದ 10 ವರ್ಷಕ್ಕೆ ಚೂರುಪಾರು ವರ್ಷಗಳೂ ಕೂಡಿಕೊಳ್ಳುತ್ತವೆ. ಇನ್ನೊಂದು, ನಮ್ಮ ನಾಲಿಗೆಯದು. ಮುಂದಿನ ಸಲ ಯಾರಾದರೂ “ಅವಳು ಒಂದು ಕಡೆ ನಿಲ್ಲುವವಳಲ್ಲ” ಎಂದರೆ ತಲೆಯಾಡಿಸಬೇಡಿ. “ಯಾರಿಗೋಸ್ಕರ ಬಿಟ್ಟಳಂತೆ?” ಎಂದು ಅಲ್ಲೇ ಕೇಳಿಬಿಡಿ.