ಕಾಗದ ಓದೋ ಆ ಹುಡುಗಿ ಯಾವ ಕಾದಂಬರಿಯಲ್ಲಿದ್ದಾಳೆ?

ನವೆಂಬರ್ ಬಂತು ಅಂದ್ರೆ ಹೊಸೂರಿಗೆ ಬಾವುಟ ಬರುತ್ತೆ, ಶಾಲು ಬರುತ್ತೆ, ಭಾಷಣ ಬರುತ್ತೆ. ಹತ್ತು-ಹನ್ನೆರಡು ವರ್ಷದ ನಮ್ಮ ಮಕ್ಕಳು ಕೂತು ಓದೋ ಒಂದು ಕನ್ನಡ ಕಾದಂಬರಿ ಮಾತ್ರ ಬರಲ್ಲ.

"ಮಕ್ಕಳಿಗೆ ನೀತಿಕತೆ ಸಾಕು, ಮನೆ ಕಷ್ಟದ ಕತೆ ಯಾಕೆ?" ಅಂತಾರೆ ದೊಡ್ಡವರು. ಸ್ವಾಮಿ, ಕಷ್ಟ ಆಗಲೇ ಮನೇಲಿದೆ. ಅಪ್ಪನಿಗೆ ಸಿಪ್‌ಕಾಟ್‌ನಲ್ಲಿ ನೈಟ್ ಶಿಫ್ಟ್, ಅಮ್ಮನಿಗೆ ತಳಿ ಕಡೆ ಗುಲಾಬಿ ತೋಟದಲ್ಲಿ ಕೂಲಿ. ತಾಲೂಕು ಆಫೀಸಿನ ತಮಿಳು ಕಾಗದವನ್ನ ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳೋಳು ಆರನೇ ಕ್ಲಾಸಿನ ಮೊಮ್ಮಗಳು. ಸಾಲದ ನೋಟಿಸನ್ನ ಮೊದಲು ಓದೋಳೂ ಅವಳೇ. ಅವಳ ಭಯಕ್ಕೆ ಆಮೆ-ಮೊಲದ ಕತೆ ಸಾಕಾ?

ಕನ್ನಡದಲ್ಲಿ ಬರೆಯೋರಿಲ್ಲ ಅಂತಲ್ಲ. ಸಾಗರದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ, ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿಗಳು. ಮಲೆನಾಡಿಗೆ, ಕರಾವಳಿಗೆ ಬರೆಯೋರಿದ್ದಾರೆ. ನಮ್ಮ ಗಡಿಯ ಮಕ್ಕಳಿಗೆ ಯಾರು?

2006ರ ಕಾಯ್ದೆ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯ. ಮಕ್ಕಳು ತಮಿಳು ಕಲೀಲಿ, ನಾವು ಬೇಡ ಅನ್ನಲ್ಲ. ಆದ್ರೆ ಕನ್ನಡ ಬರೀ ಪರೀಕ್ಷೆಗೆ ಉಳಿದ್ರೆ, ತಮ್ಮ ದುಃಖ ಹೇಳಿಕೊಳ್ಳೋಕೆ ಮಕ್ಕಳು ಬೇರೆ ಭಾಷೆ ಹುಡುಕ್ತಾರೆ. ಆಗ ಯಾವ ಬಾವುಟ ಹಾರಿಸಿ ಏನು ಬಂತು?

ಬೆಂಗಳೂರಿನ ಪ್ರಕಾಶಕರೇ, ಅತ್ತಿಬೆಲೆ ದಾಟಿದ್ರೆ ನಾವಿದ್ದೀವಿ. ಗೆಳೆಯರೇ, ಈ ಸಲ ಶಾಲಿನ ದುಡ್ಡಲ್ಲಿ ಆ ಎರಡು ಪುಸ್ತಕ ತಂದು ನಿಮ್ಮೂರ ಕನ್ನಡ ಶಾಲೆಗೆ ಕೊಡಿ. ಮೂರನೇದನ್ನ ನಾವೇ ಬರೆಯೋಣ. ಕಾಗದ ಓದೋ ಆ ಹುಡುಗಿಯ ಕತೆ.